ರಕ್ತ ಹರಿಯದ ಜಾಗಕ್ಕೊಂದು ಸಂದೇಶ

ಶ್ರಾವಣದ ಬೆಳಗು. ಅಗರಖೇಡದ ಒಂದು ಎರೆಹೊಲದ ಬದುವಿನ ಮೇಲೆ ನೀವು ನಿಂತಿದ್ದೀರಿ. ರಾತ್ರಿಯ ಜಿಟಿಜಿಟಿ ಮಳೆಗೆ ನೆನೆದ ಕರಿಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತಿದೆ. ಒಂದು ಮಗ್ಗುಲಿಗೆ ಲಿಂಬೆ ತೋಟ, ಇನ್ನೊಂದು ಮಗ್ಗುಲಿಗೆ ಎದೆಮಟ್ಟದ ಕಬ್ಬು, ಭೀಮಾ ನದಿಯ ಕಡೆಯಿಂದ ಬೀಸುವ ತಣ್ಣನೆ ಗಾಳಿ. ಎದುರಿಗೆ ತೊಗರಿಯ ಸಾಲಿನಲ್ಲಿ ಹೆಣ್ಣುಮಕ್ಕಳು ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುತ್ತಿದ್ದಾರೆ. ಎಡಗೈ ಕಸದ ಬುಡ ಹಿಡಿಯುತ್ತದೆ, ಬಲಗೈಯ ಕುರ್ಪಿ ಬೇರಿನಡಿ ಇಳಿಯುತ್ತದೆ, ಕೂತವರು ಏಳದೆಯೇ ಗೇಣುದ್ದ ಮುಂದೆ ಸರಿಯುತ್ತಾರೆ. ಸಾಲಿನ ತುದಿ ಮುಟ್ಟುವವರೆಗೆ ಮೊಣಕಾಲು ಚಾಚಲು ಬಿಡುವಿಲ್ಲ.

ಎಲ್ಲರಿಗಿಂತ ಹಿಂದೆ ಉಳಿದವರನ್ನು ನೋಡಿ. ಅರವತ್ತು ದಾಟಿದ ಹೆಂಗಸು. ಉಳಿದವರು ಅವರನ್ನು ಆಯಿ ಅನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಯಾವ ಊರಿಗೆ ಹೋದರೂ ಇಂಥ ಒಬ್ಬ ಆಯಿ ಸಿಗುತ್ತಾರೆ. ಹಾಗಾಗಿ ಇಲ್ಲಿ ಹೆಸರು ಬೇಕಿಲ್ಲ, ಅವರು ಆ ಎಲ್ಲರ ಪರವಾಗಿ ಇಲ್ಲಿದ್ದಾರೆ. ಸಾಲು ಮುಗಿಯಿತು, ಏಳಬೇಕು. ಆಯಿ ಕುರ್ಪಿಯನ್ನು ನೆಲಕ್ಕೂರಿ, ಇನ್ನೊಂದು ಕೈಯನ್ನು ತೊಡೆಗೆ ಒತ್ತಿ, ಹಲ್ಲು ಕಚ್ಚಿ ಎದ್ದರು. ಬಲ ಮೊಣಕಾಲು ಕಟಕಟ ಅಂದದ್ದು ನಾಲ್ಕು ಮಾರು ದೂರದಲ್ಲಿದ್ದ ನಿಮಗೂ ಕೇಳಿಸಿತು.

"ಆಯಿ, ನೀ ಬದುವಿನ ಮ್ಯಾಲ ಕುಂಡ್ರ. ನಿನ್ನ ಸಾಲ ನಾ ಹಿಡೀತೀನಿ," ಅಂದಳು ಪಕ್ಕದ ಹುಡುಗಿ.

"ಕುಂತ್ರ ಏಳಾಕ ಬರೂದಿಲ್ಲವ್ವಾ, ನಿಂತ್ರ ನಿಲ್ಲಾಕ ಬರೂದಿಲ್ಲ," ಅಂದರು ಆಯಿ. ಅಂದು ಮತ್ತೆ ಮುಂದಿನ ಸಾಲಿಗೆ ಕೂತರು.

ಆ ಮೊಣಕಾಲಿನೊಳಗೆ ಹೋಗೋಣ ಬನ್ನಿ.

ಚರ್ಮ ದಾಟಿ, ಸ್ನಾಯುವಿನ ಪಟ್ಟಿ ದಾಟಿ, ಕೀಲನ್ನು ಸುತ್ತಿದ ಚೀಲದೊಳಗೆ ಇಳಿದಿದ್ದೀರಿ. ಇಲ್ಲಿ ತೆಳುಹಳದಿ ಬಣ್ಣದ ಲೋಳೆ ದ್ರವವಿದೆ. ಆರೋಗ್ಯವಂತ ಮೊಣಕಾಲಿನಲ್ಲೂ ಅದು ಕೆಲವೇ ಮಿಲಿಲೀಟರ್. ಮೇಲೆ ತೊಡೆಯೆಲುಬಿನ ತುದಿ, ಕೆಳಗೆ ಕಣಕಾಲೆಲುಬಿನ ತಲೆ. ಎರಡರ ಮೇಲೂ ಬೆಳ್ಳಗೆ ಹೊಳೆಯುವ ನುಣುಪಾದ ಪದರವಿರಬೇಕು, ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ. ಅದೇ ಮೃದ್ವಸ್ಥಿ, ಡಾಕ್ಟರುಗಳ ಬಾಯಲ್ಲಿ ಕಾರ್ಟಿಲೇಜ್. ಸಮನೆಲದ ಮೇಲೆ ನಡೆಯುವಾಗಲೇ ಮೊಣಕಾಲಿನ ಮೇಲೆ ಮೈತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಅಷ್ಟನ್ನೂ ಹೊರುವುದು ಈ ತೆಳು ಪದರ.

ಬೆರಳಿನಿಂದ ಒತ್ತಿ ನೋಡಿ. ಪದರ ತುಸು ತಗ್ಗಿ ನೀರು ಬಿಡುತ್ತದೆ, ಬೆರಳು ತೆಗೆದರೆ ನೀರು ಹೀರಿ ಮತ್ತೆ ಮೇಲೇಳುತ್ತದೆ. ಇದರ ತೂಕದಲ್ಲಿ ನೂರಕ್ಕೆ 65ರಿಂದ 80 ಪಾಲು ನೀರೇ. ಆ ನೀರನ್ನು ಹಿಡಿದಿಡಲು ಆಗ್ರಿಕಾನ್ ಎಂಬ ದೊಡ್ಡ ಅಣುಗಳು, ಅವುಗಳನ್ನು ಬಿಗಿದಿಡಲು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಜಾಲ. ಇವೆರಡನ್ನೂ ನೇಯ್ದ ಜೀವಕೋಶಗಳನ್ನು ಹುಡುಕಿ. ತುಂಬ ಹೊತ್ತು ಹುಡುಕಬೇಕಾಗುತ್ತದೆ, ಏಕೆಂದರೆ ಇಡೀ ಪದರದಲ್ಲಿ ಅವುಗಳ ಪಾಲು ನೂರಕ್ಕೆ ಒಂದರಿಂದ ಐದು. ಒಂದೊಂದೂ ತನ್ನ ಗೂಡಿನಲ್ಲಿ ಒಂಟಿ. ಇನ್ನು ರಕ್ತನಾಳ ಹುಡುಕಿ. ಒಂದೂ ಇಲ್ಲ. ನರ ಹುಡುಕಿ. ಅದೂ ಇಲ್ಲ.

ಆಯಿಯ ಕಷ್ಟದ ಬೇರು ಈ ಎರಡು ಇಲ್ಲಗಳಲ್ಲಿದೆ.

ಕುರ್ಪಿ ತಾಗಿ ಬೆರಳು ಕೊಯ್ದರೆ ಏನಾಗುತ್ತದೆ? ರಕ್ತ ಬರುತ್ತದೆ. ರಕ್ತದೊಂದಿಗೆ ಬಂದ ಪ್ಲೇಟ್‌ಲೆಟ್‌ಗಳು ಗಾಯದ ಬಾಯಿ ಕಟ್ಟುತ್ತವೆ, ಕಟ್ಟುತ್ತಲೇ ತಮ್ಮೊಳಗಿನ ಸಣ್ಣ ಸಣ್ಣ ಪ್ರೋಟೀನುಗಳನ್ನು ಸುತ್ತ ಚೆಲ್ಲುತ್ತವೆ. ಇವೇ ಬೆಳವಣಿಗೆಯ ಅಂಶಗಳು, ಗ್ರೋತ್ ಫ್ಯಾಕ್ಟರ್‌ಗಳು. ಜೀವಕೋಶದ ಹೊರಮೈಯಲ್ಲಿ ಇವುಗಳಿಗೆಂದೇ ಗ್ರಾಹಕಗಳಿವೆ. ಪ್ರೋಟೀನು ಅಲ್ಲಿ ಕೂತರೆ ಒಳಗೆ ಆಜ್ಞೆ ಹೋಗುತ್ತದೆ: ಇಬ್ಭಾಗವಾಗು, ಇತ್ತ ಬಾ, ಹೊಸ ಎಳೆ ನೇಯಿ. ವಾರದೊಳಗೆ ಬೆರಳು ಕೂಡಿಕೊಳ್ಳುತ್ತದೆ. ಮೃದ್ವಸ್ಥಿಯಲ್ಲಿ ಬಿರುಕು ಬಿಟ್ಟರೆ ರಕ್ತ ಬರುವುದಿಲ್ಲ, ಪ್ಲೇಟ್‌ಲೆಟ್ ಬರುವುದಿಲ್ಲ, ಆಜ್ಞೆಯೂ ಬರುವುದಿಲ್ಲ. ಇಂಡಿ ಶಾಖಾ ಕಾಲುವೆಯ ಕೊನೆಯಂಚಿನ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಜಲಾಶಯ ತುಂಬಿರುತ್ತದೆ, ನೀರು ಬಿಟ್ಟ ಸುದ್ದಿಯೂ ಬಂದಿರುತ್ತದೆ, ಹೊಲದ ಮಡಿ ಮಾತ್ರ ಒಣಗಿಯೇ ಇರುತ್ತದೆ.

ನರವಿಲ್ಲದ್ದು ಎರಡನೆಯ ಕೇಡು. ಪದರ ಸವೆಯುತ್ತಿರುವಾಗ ಅದು ಕೂಗುವುದಿಲ್ಲ. ಸವೆತ ಕೆಳಗಿನ ಎಲುಬನ್ನು ಮುಟ್ಟಿದಾಗ, ಸುತ್ತಲಿನ ಚೀಲ ಉರಿದು ಬಾತಾಗ ನೋವು ಶುರು. ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಇದು ಇಂದಿನ ತಿಳಿವಲ್ಲ. ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಕೂಡಿಕೊಳ್ಳುವುದಿಲ್ಲ ಎಂದು ವಿಲಿಯಂ ಹಂಟರ್ ಲಂಡನ್ನಿನಲ್ಲಿ 1743ರಲ್ಲೇ ಬರೆದರು. ಸುಮಾರು ಇನ್ನೂರ ಎಪ್ಪತ್ತು ವರ್ಷಗಳ ಮೇಲೆ, 2016ರಲ್ಲಿ, ಡೆನ್ಮಾರ್ಕಿನ ಸಂಶೋಧಕರು ಅದಕ್ಕೆ ಬೇರೊಂದು ದಾರಿಯಿಂದ ಸಾಕ್ಷಿ ತಂದರು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತ್ತು. ಆ ಕಾಲದಲ್ಲಿ ಮೈಯಲ್ಲಿ ಏನೇ ಹೊಸದಾಗಿ ಬೆಳೆದರೂ ಅದರಲ್ಲಿ ಆ ಕಾರ್ಬನ್ನಿನ ಗುರುತು ಇರಬೇಕು. ಮೊಣಕಾಲಿನ ಮೃದ್ವಸ್ಥಿಯ ಕೊಲಾಜೆನ್ ಅಳೆದು ನೋಡಿದರೆ, ಬೆಳೆದು ದೊಡ್ಡವರಾದ ಮೇಲೆ ಅದು ಹೊಸದಾಗುವುದೇ ಇಲ್ಲವೆಂದು ಕಂಡಿತು. ಹರೆಯದ ಹೊತ್ತಿಗೆ ಕಟ್ಟಿ ಮುಗಿದ ಜಾಲವೇ ಸಾಯುವ ತನಕ. ಆಯಿ ಇಂದು ತೊಗರಿ ಸಾಲಿನಲ್ಲಿ ಕೂತಿರುವುದು ಹುಡುಗಿಯಾಗಿದ್ದಾಗ ಕಟ್ಟಿದ ಎಳೆಗಳ ಮೇಲೆ.

ಈಗ ಬಸ್ಸು ಹತ್ತಿ. ಸುಗ್ಗಿಯ ಕೆಲಸವೆಲ್ಲ ಮುಗಿದ ಮೇಲೆ, ಒಂದು ಸೋಮವಾರ, ಆಯಿ ಮಗನ ಜೊತೆ ಹೊರಟಿದ್ದಾರೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಎಡಗಾಲು ಮೊದಲು ಇಟ್ಟು, ಕಂಬಿ ಹಿಡಿದು, ಬಲಗಾಲನ್ನು ಎಳೆದುಕೊಂಡರು. ಇಂಡಿಯಲ್ಲಿ ಬಸ್ಸು ಬದಲಿಸಿ ಮುಂದೆ ಸಾಗಿದರೆ ಬಯಲಿನ ಅಂಚಿನಲ್ಲಿ ಗೋಳಗುಮ್ಮಟದ ಗುಮ್ಮಟ ಮೇಲೇಳುತ್ತದೆ. ವಿಜಯಪುರ ಬಂತು. ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಶುರುವಾದ ಮೇಲೆ ಈ ಸೀಮೆಯ ಹಳ್ಳಿಗಳ ಕೀಲುನೋವು ಹತ್ತಿ ಬರುವ ಊರು ಇದೇ. ಈಗ ಎಲುಬು-ಕೀಲಿನ ಆಸ್ಪತ್ರೆಗಳು ಇಲ್ಲಿ ಬೇಕಾದಷ್ಟಿವೆ. ಅಂಥದೊಂದರ ಹೊರರೋಗಿ ವಿಭಾಗದ ಬೆಂಚಿನಲ್ಲಿ ನೀವೂ ಕೂತಿದ್ದೀರಿ. ನಿಮ್ಮ ಸುತ್ತ ಎಲ್ಲರ ಕೈಯೂ ಮೊಣಕಾಲ ಮೇಲೆ.

ಎಕ್ಸ್‌ರೇ ಕೋಣೆಯಲ್ಲಿ ಆಯಿಯನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಮಲಗಿದಾಗ ತೆಗೆದರೆ ಭಾರ ಬಿದ್ದಾಗಿನ ನಿಜ ಕಾಣುವುದಿಲ್ಲ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಮೂಡದು, ಅದು ಇದ್ದ ಜಾಗ ಎರಡೆಲುಬಿನ ನಡುವೆ ಕಪ್ಪು ಸಂದಾಗಿ ಕಾಣುತ್ತದೆ. ಸಂದು ಎಷ್ಟು ಕಿರಿದಾಗಿದೆ, ಅಂಚಿನಲ್ಲಿ ಎಲುಬಿನ ಮುಳ್ಳು ಎಷ್ಟು ಬೆಳೆದಿದೆ ಎಂದು ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಶ್ರೇಣಿ ಹಾಕುವ ಕ್ರಮವನ್ನು ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದರು. ಇಂದಿಗೂ ಅದೇ ಅಳತೆ.

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದರು. ಬಲ ಮೊಣಕಾಲಿನ ಒಳಮಗ್ಗುಲಲ್ಲಿ ಸಂದೇ ಇಲ್ಲ. ಎಲುಬಿಗೆ ಎಲುಬು ತಾಗಿದೆ. ಶ್ರೇಣಿ ನಾಲ್ಕು.

"ಎಷ್ಟ ದಿನಾ ಆತಮ್ಮಾ ನೋವು?"

"ನಾಕೈದ ವರ್ಷ ಆತ್ರೀ ಸಾಹೇಬ್ರ. ಮೊದ್ಲ ಕುಂತ ಏಳೂವಾಗಷ್ಟ ನೋಯ್ತಿತ್ತು. ಈಗ ರಾತ್ರಿ ಮಲಕೊಂಡ್ರೂ ಬಿಡೂದಿಲ್ಲ. ಮೊಣಕಾಲಾಗಿನ ಗಿರೀಸ ಮುಗದೈತಿ ಅಂತಾರ ಊರಾಗ. ನಮ್ಮ ರಕ್ತಾನ ತಗದ ಸೂಜಿ ಮಾಡಿದ್ರ ಹೊಳ್ಳಿ ಬೆಳೀತೈತಂತಲ್ರಿ?"

"ಅಮ್ಮಾ, ಖರೇ ಹೇಳ್ತೀನಿ. ಎಲುವಿನ ಮ್ಯಾಲಿನ ಪದರ ಒಳಮಗ್ಗಲಕ ಪೂರ್ತಿ ಸವದೈತಿ. ಆ ಸೂಜಿಲೆ ಅದು ಹೊಳ್ಳಿ ಬೆಳಿಯೂದಿಲ್ಲ."

ಆಯಿ ಸುಮ್ಮನೆ ಚಿತ್ರ ನೋಡಿದರು. ಆಮೇಲೆ ಕೇಳಿದರು: "ಹಂಗಾದ್ರ ಐದ ವರ್ಷದ ಹಿಂದ ಬಂದಿದ್ರ ಬೆಳೀತಿತ್ತೇನ್ರಿ?"

"ಬೆಳೀತಿತ್ತು ಅಂತ ಹೇಳಾಕ ಆಗೂದಿಲ್ಲಮ್ಮಾ. ಇದ್ದದ್ದು ಉಳೀತಿತ್ತು. ಇಷ್ಟ ಲಗೂ ಸವೀತಿರಲಿಲ್ಲ."

ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಮೂರು ದಶಕಗಳಿಂದ ಉತ್ತರ ಹುಡುಕುತ್ತಿರುವುದು ಆಯಿ ಕೇಳಿದ ಈ ಪ್ರಶ್ನೆಗೇ. ಐದು ವರ್ಷ ಮೊದಲು ಬಂದಿದ್ದರೆ?

ಪಕ್ಕದ ಕೋಣೆಗೆ ಬನ್ನಿ. ಅಲ್ಲಿ ಒಬ್ಬ ಯುವಕ, ಮೂವತ್ತೈದರ ಆಸುಪಾಸು, ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೊರೆ ಹೊರುವವನು. ಅವನ ಎಕ್ಸ್‌ರೇಯಲ್ಲಿ ಸಂದು ಇನ್ನೂ ಉಳಿದಿದೆ, ಶ್ರೇಣಿ ಎರಡು. ಅವನಿಗೆ ಪಿಆರ್‌ಪಿ ಕೊಡಲಿದ್ದಾರೆ. ಡೆಂಗಿ ಬಂದಾಗ ಎಣಿಸುತ್ತಾರಲ್ಲ, ಅದೇ ಪ್ಲೇಟ್‌ಲೆಟ್‌ಗಳನ್ನು ದಟ್ಟವಾಗಿ ಕೂಡಿಸಿದ ರಕ್ತದ್ರವ.

ನರ್ಸ್ ಅವನ ತೋಳಿನಿಂದ ರಕ್ತ ಎಳೆದು, ಹೆಪ್ಪುಗಟ್ಟದಂತೆ ತಡೆಯುವ ಔಷಧಿಯಿರುವ ನಳಿಕೆಗಳಿಗೆ ತುಂಬುತ್ತಾರೆ. ನಳಿಕೆಗಳು ಸೆಂಟ್ರಿಫ್ಯೂಜ್ ಯಂತ್ರದೊಳಗೆ ಕೂತವು. ಮುಚ್ಚಳ ಬಿತ್ತು, ಗುಂಯ್‌ಗುಟ್ಟುವ ಸದ್ದು ಏರುತ್ತಾ ಹೋಯಿತು. ಯಂತ್ರ ನಿಂತಾಗ ನಳಿಕೆಯಲ್ಲಿ ಮೂರು ಭಾಗ: ಕೆಳಗೆ ಕೆಂಪು ಕಣಗಳು, ನಡುವೆ ತೆಳುವಾದ ಬಿಳಿ ಪಟ್ಟಿ, ಮೇಲೆ ತಿಳಿಹಳದಿ ದ್ರವ. ಕೆಂಪನ್ನು ಬಿಟ್ಟು ಮೇಲಿನದನ್ನು ಇನ್ನೊಮ್ಮೆ ತಿರುಗಿಸುತ್ತಾರೆ. ಕೊನೆಗೆ ಸಿರಿಂಜಿಗೆ ಬರುವುದು ಕೆಲವು ಮಿಲಿಲೀಟರ್ ಹಳದಿ ದ್ರವ. ಸಾಮಾನ್ಯ ರಕ್ತದ ಒಂದು ಮೈಕ್ರೋಲೀಟರಿನಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ, ಇದರಲ್ಲಿ ಅದರ ಹಲವು ಪಟ್ಟು. ಒಂದೊಂದು ಪ್ಲೇಟ್‌ಲೆಟ್ಟಿನ ಒಡಲಲ್ಲೂ ಬೆಳವಣಿಗೆಯ ಅಂಶಗಳ ಗಂಟುಗಳಿವೆ: ಟಿಜಿಎಫ್-ಬೀಟಾ, ಪಿಡಿಜಿಎಫ್, ಐಜಿಎಫ್-1.

ಮೊಣಕಾಲು ಒರೆಸಿದರು. ಚಿಪ್ಪಿನ ಅಂಚಿನಿಂದ ಸೂಜಿ ಒಳಗೆ ಹೋಯಿತು, ಯುವಕ ಉಸಿರು ಬಿಗಿಹಿಡಿದ. ರಕ್ತನಾಳ ಎಂದೂ ಹೋಗದ ಜಾಗಕ್ಕೆ ಅವನದೇ ರಕ್ತದ ಸಂದೇಶ ಸೂಜಿಯ ತುದಿಯಿಂದ ಇಳಿಯಿತು. "ನಾಕ ದಿನಾ ನೋವಿನ ಗುಳಗಿ ತಗೋಬ್ಯಾಡ," ಅಂದರು ಡಾಕ್ಟರು. ನೋವು-ಉರಿ ತಗ್ಗಿಸುವ ಗುಳಿಗೆಗಳು ಪ್ಲೇಟ್‌ಲೆಟ್ಟಿನ ಕೆಲಸಕ್ಕೆ ಅಡ್ಡ ಬರುತ್ತವೆ ಎಂಬುದು ಈ ಎಚ್ಚರಿಕೆಯ ಹಿಂದಿನ ಕಾರಣ.

ನೋಡಲು ಎಷ್ಟು ಸರಳ, ಎಷ್ಟು ಸೊಗಸು! ಆದರೆ ಫಲ ಬಂತೇ ಎಂದು ಕೇಳಲೇಬೇಕು. ಕೆಲವು ಅಧ್ಯಯನಗಳಲ್ಲಿ ಪಿಆರ್‌ಪಿ ಪಡೆದವರ ನೋವು ಇಳಿದದ್ದು ಕಂಡಿದೆ. ಕಟ್ಟುನಿಟ್ಟಾಗಿ ನಡೆದ ಒಂದು ಪರೀಕ್ಷೆಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಅಲ್ಲಿ 288 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೊಂದರಂತೆ ಮೂರು ಸಲ ಪಿಆರ್‌ಪಿ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ದ್ರಾವಣ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಸೂಜಿ ಮಾಡಿದವರಿಗೂ ಗೊತ್ತಿಲ್ಲ. ಫಲಿತಾಂಶ 2021ರಲ್ಲಿ ಹೊರಬಂತು. ವರ್ಷದ ಮೇಲೆ ನೋವು ಎರಡೂ ಗುಂಪಿನಲ್ಲಿ ಇಳಿದಿತ್ತು, ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ. ಎಂಆರ್‌ಐಯಲ್ಲಿ ಅಳೆದ ಮೃದ್ವಸ್ಥಿ ಎರಡೂ ಗುಂಪಿನಲ್ಲಿ ಅಷ್ಟಷ್ಟೇ ಸವೆದಿತ್ತು. ಕಬ್ಬಿನ ಹೊರೆಯ ಯುವಕನಿಗೆ ಆರಾಮ ಸಿಗಬಹುದು. ಪದರ ಬೆಳೆಯುತ್ತದೆ ಎಂದು ಮಾತು ಕೊಡಲು ಈ ಸೂಜಿಗೆ ಆಧಾರವಿಲ್ಲ.

ಹಾಗಾದರೆ ರಕ್ತದಲ್ಲಿನ ಎಲ್ಲ ಪ್ರೋಟೀನುಗಳನ್ನು ಒಟ್ಟಿಗೆ ಸುರಿಯುವ ಬದಲು, ಮೃದ್ವಸ್ಥಿಗೆ ಬೇಕಾದ ಒಂದನ್ನೇ ಆರಿಸಿ ಕೊಟ್ಟರೆ? ಈ ದಾರಿಯ ಆರಂಭ ಅಮೆರಿಕದಲ್ಲಿದೆ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಎಲುಬಿನ ಡಾಕ್ಟರು ಸುಣ್ಣದ ಅಂಶ ತೆಗೆದ ಎಲುಬಿನ ತುಂಡನ್ನು ಪ್ರಾಣಿಗಳ ಮಾಂಸದೊಳಗೆ ಇಟ್ಟು ನೋಡಿದರು. ಮಾಂಸದ ನಡುವೆಯೇ ಹೊಸ ಎಲುಬು ಹುಟ್ಟಿತು. ಎಲುಬಿನಲ್ಲಿ ಅಡಗಿದ ಯಾವುದೋ ಪ್ರೋಟೀನು ಸುತ್ತಲಿನ ಕೋಶಗಳಿಗೆ ಆಜ್ಞೆ ಕೊಟ್ಟಿತ್ತು. ಅದನ್ನು ಬಿಡಿಸಿ ತೆಗೆಯುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು ಭಾರತದಲ್ಲಿ ಓದಿ ಅಲ್ಲಿಗೆ ಹೋದ ಎ. ಹರಿ ರೆಡ್ಡಿ. 1994ರಲ್ಲಿ ಅವರ ತಂಡ ಮೃದ್ವಸ್ಥಿಯಿಂದಲೇ ಅಂಥ ಪ್ರೋಟೀನುಗಳನ್ನು ಗುರುತಿಸಿತು. ಅಷ್ಟರಲ್ಲಿ, 1986ರಲ್ಲಿ, ಬೆಳವಣಿಗೆಯ ಅಂಶಗಳನ್ನು ಮೊದಲು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ ನೊಬೆಲ್ ಬಂದಿತ್ತು.

ಎಂಆರ್‌ಐ ಯಂತ್ರದ ಪಕ್ಕದ ಪರದೆಯ ಮುಂದೆ ಈಗ ನೀವು ಕೂತಿದ್ದೀರಿ. ಒಂದೇ ಪ್ರೋಟೀನನ್ನು ಆರಿಸಿ ಕೊಟ್ಟ ಪರೀಕ್ಷೆ ಇದು. ಔಷಧಿಯ ಹೆಸರು ಸ್ಪ್ರೈಫರ್ಮಿನ್, ಎಫ್‌ಜಿಎಫ್-18 ಎಂಬ ಬೆಳವಣಿಗೆಯ ಅಂಶವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ರೂಪ. ಹಲವು ದೇಶಗಳ 549 ಮಂದಿ ಸೇರಿದ್ದಾರೆ. ಹೆಚ್ಚು ಪ್ರಮಾಣ ಪಡೆದ ಗುಂಪಿಗೆ ಆರು ತಿಂಗಳಿಗೊಂದು ಸುತ್ತು, ಸುತ್ತಿಗೆ ಮೂರು ಸೂಜಿ, ಸೂಜಿಗೆ 100 ಮೈಕ್ರೋಗ್ರಾಂ. ಎರಡು ವರ್ಷದ ಮೇಲೆ ಪರದೆಯ ಮೇಲೆ ಮೊಣಕಾಲಿನ ಪದರವನ್ನು ಅಳೆಯುತ್ತಾರೆ. ಔಷಧಿಯಿಲ್ಲದ ಗುಂಪಿನಲ್ಲಿ ಅದು ಸರಾಸರಿ 0.02 ಮಿಲಿಮೀಟರ್ ತೆಳುವಾಗಿದೆ. ಔಷಧಿ ಪಡೆದವರಲ್ಲಿ 0.05 ಮಿಲಿಮೀಟರ್ ದಪ್ಪವಾಗಿದೆ.

ಈ ಅಂಕಿಯ ಮುಂದೆ ಒಂದು ಕ್ಷಣ ನಿಲ್ಲಿ. ಹಂಟರ್ 1743ರಲ್ಲಿ ಆಗದು ಅಂದದ್ದು ಇಲ್ಲಿ ಆಗಿದೆ. ಬದುಕಿರುವ ಮನುಷ್ಯನ ಸವೆದ ಕೀಲಿನಲ್ಲಿ ಪದರ ತೆಳುವಾಗುವ ಬದಲು ದಪ್ಪವಾಗಿದೆ, ಅದೂ ಒಂದೇ ಒಂದು ಪ್ರೋಟೀನಿನಿಂದ. ಇದು ನಿಜವಾದ ಗೆಲುವು. ಇನ್ನೊಂದು ಸಾಲನ್ನೂ ಓದಿ. 2019ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನೋವು ಮತ್ತು ಓಡಾಟದಲ್ಲಿ ಎರಡು ಗುಂಪುಗಳ ನಡುವೆ ಎಣಿಸುವಷ್ಟು ವ್ಯತ್ಯಾಸ ಬರಲಿಲ್ಲ. ಪದರ ಬೆಳೆಯಿತು, ಎದ್ದು ನಿಲ್ಲುವ ಕಷ್ಟ ಮಾತ್ರ ಔಷಧಿಯಿಲ್ಲದ ಗುಂಪಿಗಿಂತ ಹೆಚ್ಚು ಇಳಿಯಲಿಲ್ಲ. ಆಯಿಗೆ ಬೇಕಾದದ್ದು ಮಿಲಿಮೀಟರ್ ಅಲ್ಲ, ತೊಗರಿ ಸಾಲಿನಿಂದ ಏಳುವುದು.

ಏಕೆ ಹೀಗೆ? ಒಂದು ಕಾರಣ ಈಗಾಗಲೇ ನೀವು ಕಣ್ಣಾರೆ ಕಂಡಿದ್ದೀರಿ. ನೋವಿನ ನರಗಳು ಪದರದಲ್ಲಿಲ್ಲ, ಕೆಳಗಿನ ಎಲುಬಿನಲ್ಲಿ ಮತ್ತು ಸುತ್ತಲಿನ ಚೀಲದಲ್ಲಿವೆ. ಪದರ ತುಸು ದಪ್ಪವಾದ ಮಾತ್ರಕ್ಕೆ ಅಲ್ಲಿಯ ಉರಿ ಆರುವುದಿಲ್ಲ. ಇನ್ನೊಂದು ಕಾರಣ, ಕೀಲಿನ ಚೀಲ ತನ್ನೊಳಗೆ ಬಂದ ಔಷಧಿಯನ್ನು ಬೇಗ ಹೊರದೂಡುತ್ತದೆ. ಸಂದೇಶ ಕೋಶವನ್ನು ಮುಟ್ಟುವ ಮೊದಲೇ ಬಹುಪಾಲು ಕರಗಿಹೋಗಿರುತ್ತದೆ. ಹೆಚ್ಚು ಸುರಿಯೋಣವೆಂದರೆ ಅದೂ ಅಪಾಯ. ಟಿಜಿಎಫ್-ಬೀಟಾವನ್ನು ಇಲಿಗಳ ಕೀಲಿಗೆ ಹೆಚ್ಚಾಗಿ ಕೊಟ್ಟಾಗ ಅಂಚಿನಲ್ಲಿ ಎಲುಬಿನ ಮುಳ್ಳು ಬೆಳೆದವು, ಚೀಲ ಗಡುಸಾಯಿತು. ಆಜ್ಞೆ ಸರಿಯಿದ್ದರೂ ತಪ್ಪು ಮನೆಗೆ ಹೋಯಿತು.

ಆತುರಪಟ್ಟರೆ ಏನಾಗುತ್ತದೆಂದು ದಕ್ಷಿಣ ಕೊರಿಯಾ ಕಂಡಿದೆ. ಟಿಜಿಎಫ್-ಬೀಟಾ1 ಉಂಟುಮಾಡುವಂತೆ ಮಾರ್ಪಡಿಸಿದ ಕೋಶಗಳ ಇನ್ವೋಸ್ಸಾ ಎಂಬ ಚಿಕಿತ್ಸೆಗೆ ಅಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು. ಮೃದ್ವಸ್ಥಿಯವೆಂದು ಹೇಳಿದ್ದ ಆ ಮಾರ್ಪಡಿಸಿದ ಕೋಶಗಳು ಮೂತ್ರಪಿಂಡ ಮೂಲದವೆಂದು ಆಮೇಲೆ ತಿಳಿದು, 2019ರಲ್ಲಿ ಅನುಮತಿ ರದ್ದಾಯಿತು. ಅಷ್ಟರಲ್ಲಿ ಸಾವಿರಾರು ಮೊಣಕಾಲುಗಳಿಗೆ ಅದು ಸೇರಿಯಾಗಿತ್ತು.

ಇನ್ನು ನಮ್ಮದೇ ರಾಜಧಾನಿಗೆ ಬನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನೆರಳಿನ ದಾರಿ ದಾಟಿ ರಚಿತ್ ಅಗರ್ವಾಲ್ ಅವರ ಪ್ರಯೋಗಾಲಯಕ್ಕೆ ಹೋಗೋಣ. ಔಷಧಿ ಕೀಲಿನಲ್ಲಿ ನಿಲ್ಲುವುದಿಲ್ಲ ಎಂಬ ತೊಡಕನ್ನೇ ಈ ತಂಡ ಹಿಡಿದಿದೆ. ದೇಹದೊಳಗೆ ನಿಧಾನವಾಗಿ ಕರಗುವ ಪಿಎಲ್‌ಜಿಎ ಎಂಬ ಪಾಲಿಮರಿನ ಅತಿ ಸಣ್ಣ ಕಣಗಳಲ್ಲಿ ರಾಪಮೈಸಿನ್ ತುಂಬಿ, ಅದು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬರುವಂತೆ ಮಾಡಿದರು. 2021ರಲ್ಲಿ ಈ ಕೆಲಸ ಸುದ್ದಿಯಾಯಿತು. ಇದಿನ್ನೂ ಪ್ರಯೋಗಾಲಯದ ಕೋಶ ಮತ್ತು ಇಲಿಗಳ ಮಟ್ಟದ್ದು. ರಾಪಮೈಸಿನ್ ಬೆಳವಣಿಗೆಯ ಅಂಶವಲ್ಲ, ಕೋಶ ಮುಪ್ಪಾಗುವುದನ್ನು ತಡೆಯುವ ಔಷಧಿ. ಆದರೂ ಕೀಲಿನೊಳಗೆ ಸಂದೇಶವನ್ನು ತಡೆದು ನಿಲ್ಲಿಸುವ ಕಲೆ ಎರಡಕ್ಕೂ ಬೇಕಾದದ್ದೇ.

ಅದೇ ನಗರದ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಬೇರೊಂದು ಹಾದಿ ಹಿಡಿಯಿತು. ಬೆಳವಣಿಗೆಯ ಅಂಶವನ್ನು ಹೊರಗಿನಿಂದ ಕೊಡುವ ಬದಲು ಅದನ್ನು ಸ್ರವಿಸುವ ಕೋಶಗಳನ್ನೇ ಕೊಡುವುದು. ಆರೋಗ್ಯವಂತ ದಾನಿಗಳ ಎಲುಬಿನ ಮಜ್ಜೆಯಿಂದ ತೆಗೆದು ಬೆಳೆಸಿದ ಕೋಶಗಳನ್ನು ದ್ರವ ಸಾರಜನಕದ ಪಾತ್ರೆಯಲ್ಲಿ ಇಡುತ್ತಾರೆ. ಮುಚ್ಚಳ ತೆರೆದರೆ ಬಿಳಿ ಹೊಗೆ ನಿಮ್ಮ ಮುಂಗೈಗೆ ತಾಗುತ್ತದೆ. ಒಂದು ಮೊಣಕಾಲಿಗೆ 2.5 ಕೋಟಿ ಕೋಶ, ಅದರ ಹಿಂದೆಯೇ ಹಯಲುರಾನಿಕ್ ಆಮ್ಲದ ಸೂಜಿ. ಮೂರನೇ ಹಂತದ ಪರೀಕ್ಷೆಯಲ್ಲಿ ಭಾರತದ ಹಲವು ಆಸ್ಪತ್ರೆಗಳ 146 ರೋಗಿಗಳಿದ್ದರು. ವರ್ಷದ ಮೇಲೆ ಕೋಶ ಪಡೆದವರ ನೋವು ಮತ್ತು ಬಿಗಿತ ಇನ್ನೊಂದು ಗುಂಪಿಗಿಂತ ಹೆಚ್ಚು ಇಳಿದಿತ್ತು. ಎಂಆರ್‌ಐ ಹೇಳಿದ್ದನ್ನು ಎಚ್ಚರದಿಂದ ಓದಬೇಕು. ಹುಸಿ ಔಷಧಿ ಪಡೆದವರ ಮೃದ್ವಸ್ಥಿಯ ಗುಣಮಟ್ಟ ಕುಂದುತ್ತಾ ಹೋಯಿತು, ಕೋಶ ಪಡೆದವರದು ಇದ್ದಂತೆ ಉಳಿಯಿತು. ಪದರ ಹೊಸದಾಗಿ ಬೆಳೆದ ಕತೆ ಇದಲ್ಲ. ಭಾರತದ ಔಷಧ ನಿಯಂತ್ರಕರು 2022ರಲ್ಲಿ ಇದಕ್ಕೆ ಅನುಮತಿ ಕೊಟ್ಟರು.

ವಿಜಯಪುರದ ಡಾಕ್ಟರು ಆಯಿಗೆ ಹೇಳಿದ ಮಾತನ್ನು ನೆನಪಿಸಿಕೊಳ್ಳಿ: ಇದ್ದದ್ದು ಉಳೀತಿತ್ತು. ಇಷ್ಟು ದೂರ ಸುತ್ತಿ ಬಂದರೂ ಕೈಗೆ ಸಿಕ್ಕ ಗಟ್ಟಿ ಉತ್ತರ ಅದೇ. ಆಸ್ಟ್ರೇಲಿಯಾದ ಪರೀಕ್ಷೆ, ಸ್ಪ್ರೈಫರ್ಮಿನ್ ಪರೀಕ್ಷೆ, ಬೆಂಗಳೂರಿನ ಪರೀಕ್ಷೆ, ಈ ಮೂರಕ್ಕೂ ಸೇರಿಸಿಕೊಂಡದ್ದು ಎರಡು ಮತ್ತು ಮೂರನೇ ಶ್ರೇಣಿಯವರನ್ನು. ನಾಲ್ಕನೇ ಶ್ರೇಣಿಗೆ ಬಾಗಿಲು ಮುಚ್ಚಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಆಜ್ಞೆ ಕೇಳಲು ಕೋಶ ಉಳಿದಿರಬೇಕು, ಹೊಸ ಎಳೆ ನೇಯಲು ಹಳೆಯ ಜಾಲ ಉಳಿದಿರಬೇಕು. ಬೆಳವಣಿಗೆಯ ಅಂಶ ಎಷ್ಟೇ ಒಳ್ಳೆಯದಿದ್ದರೂ ಬೋಳು ಎಲುಬಿನ ಮೇಲೆ ಮೃದ್ವಸ್ಥಿ ಎಬ್ಬಿಸಲಾರದು.

ಆದರೆ ಅಗರಖೇಡದಂಥ ಊರುಗಳಿಂದ ದವಾಖಾನೆಗೆ ಬರುವುದು ನಾಲ್ಕನೇ ಶ್ರೇಣಿಯೇ. ಎರಡನೇ ಶ್ರೇಣಿ ಹೊಲದಲ್ಲಿ ಕಸ ತೆಗೆಯುತ್ತಿರುತ್ತದೆ, ಲಿಂಬೆಕಾಯಿ ಆರಿಸುತ್ತಿರುತ್ತದೆ, ಸಂತೆಯಲ್ಲಿ ಕೊಂಡ ನೋವಿನ ಗುಳಿಗೆ ನುಂಗಿ ಮರುದಿನದ ಕೂಲಿಗೆ ಹೋಗುತ್ತಿರುತ್ತದೆ. ಜಗತ್ತಿನ ವಿಜ್ಞಾನ ಯಾರಿಗಾಗಿ ಔಷಧಿ ಸಿದ್ಧಪಡಿಸುತ್ತಿದೆಯೋ ಆ ಮೊಣಕಾಲು ನಮ್ಮ ಲೆಕ್ಕಕ್ಕೇ ಬಂದಿಲ್ಲ. ನಲವತ್ತು ದಾಟಿದ ಹೆಣ್ಣುಮಗಳು ಮೂರು ತಿಂಗಳಿಂದ ಮೊಣಕಾಲು ನೋವು ಅಂದರೆ, ಆಶಾ ಕಾರ್ಯಕರ್ತೆ ಅದನ್ನು ಬರೆದುಕೊಳ್ಳಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ನಿಲ್ಲಿಸಿ ಒಂದು ಎಕ್ಸ್‌ರೇ ತೆಗೆಯಬೇಕು. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮನೆಮನೆಗೆ ಹೋಗುವ ವ್ಯವಸ್ಥೆ ನಮ್ಮಲ್ಲಿದೆ. ಮೊಣಕಾಲನ್ನು ಅದರಲ್ಲಿ ಸೇರಿಸಲು ಹೊಸ ಪ್ರೋಟೀನು ಬೇಕಿಲ್ಲ.

ಎರಡನೇ ಶ್ರೇಣಿ ಗೊತ್ತಾದರೆ ಮಾಡಲು ಬೇಕಾದಷ್ಟಿದೆ, ಬಹುಪಾಲು ದುಡ್ಡಿಲ್ಲದ್ದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದಷ್ಟೂ ಕೀಲಿನ ಭಾರ ಇಳಿಯುತ್ತದೆ: ಕಟ್ಟೆಯ ಮೇಲೆ ಕೂತು ಕಾಲು ನೇರ ಚಾಚಿ, ಹತ್ತು ಎಣಿಸಿ ಇಳಿಸುವುದು, ದಿನಕ್ಕೆರಡು ಹೊತ್ತು. ಮೈತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಮ್ಮಿಯಾಗುತ್ತದೆ. ನಡೆಯುವುದನ್ನು ಬಿಡಬಾರದು, ಒತ್ತಿ ಬಿಟ್ಟಾಗ ಹೀರುವ ದ್ರವವೇ ಪದರಕ್ಕೆ ಊಟ. ಕುಕ್ಕರಗಾಲು ತಪ್ಪಿಸಲು ನಿಂತು ಎಳೆಯುವ ಉದ್ದ ಹಿಡಿಕೆಯ ಕಸ ತೆಗೆಯುವ ಸಾಧನಗಳಿವೆ. ರೈತ ಸಂಪರ್ಕ ಕೇಂದ್ರಗಳು ಗಂಡಸರ ಯಂತ್ರಗಳಷ್ಟೇ ಕಾಳಜಿಯಿಂದ ಇವನ್ನೂ ಹೆಣ್ಣುಮಕ್ಕಳ ಕೈಗೆ ಮುಟ್ಟಿಸಬೇಕು.

ಸೂಜಿಯ ಮಾತು ಬಂದಾಗ ಕೇಳಬೇಕಾದ ಪ್ರಶ್ನೆಗಳೂ ಇವೆ, ಕೇಳಲು ಸಂಕೋಚ ಬೇಡ. ನನ್ನ ಶ್ರೇಣಿ ಎಷ್ಟ್ರಿ? ಈ ಸೂಜಿಲೆ ನೋವು ಇಳಿಯೂದೋ, ಪದರ ಬೆಳಿಯೂದೋ? ಎಷ್ಟ ದಿನಾ ಇರ್ತೈತಿ? ಸರಕಾರದ ಅನುಮತಿ ಐತೇನ್ರಿ? ಒಳ್ಳೆಯ ಡಾಕ್ಟರು ಈ ನಾಲ್ಕಕ್ಕೂ ನೇರ ಉತ್ತರ ಕೊಡುತ್ತಾರೆ. ಪದರ ಪೂರ್ತಿ ಹೊಸದಾಗುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟು ಹೊಲ ಒತ್ತೆಯಿಡಿಸುವಷ್ಟು ದುಡ್ಡು ಕೇಳಿದರೆ, ಎದ್ದು ಬರಬೇಕು.

ಆಯಿಯಂಥವರಿಗೂ ದಾರಿಯಿದೆ: ವ್ಯಾಯಾಮ, ಊರುಗೋಲು, ಸರಿಯಾದ ಔಷಧಿ, ತೀರ ಬೇಕಾದಾಗ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಆ ಶಸ್ತ್ರಚಿಕಿತ್ಸೆ ಇಂದು ನಂಬಬಹುದಾದ್ದು. ಅವರ ಸಾಲನ್ನು ಹಿಡಿಯುತ್ತೇನೆಂದ ಹುಡುಗಿಯ ಮೊಣಕಾಲಿನಲ್ಲಿ ಮಾತ್ರ ಪದರ ಇನ್ನೂ ಬೆಳ್ಳಗೆ ಹೊಳೆಯುತ್ತಿದೆ. ಬೆಳೆಸಬಲ್ಲ ಔಷಧಿ ಅವಳ ಕಾಲದಲ್ಲಿ ಬರುತ್ತದೆ ಎಂದು ನಾನು ಮನಸಾರೆ ನಂಬುತ್ತೇನೆ, 0.05 ಮಿಲಿಮೀಟರ್ ಆ ನಂಬಿಕೆಗೆ ಆಧಾರ. ಅದು ಬಂದ ದಿನ ಅವಳ ಎಕ್ಸ್‌ರೇಯಲ್ಲಿ ಸಂದು ಉಳಿದಿರಬೇಕು. ಅದನ್ನು ಉಳಿಸುವ ಕೆಲಸ ಬೆಂಗಳೂರಿನದೂ ಅಲ್ಲ, ಅಮೆರಿಕದ್ದೂ ಅಲ್ಲ. ಅದು ಅಗರಖೇಡದ ಹೊಲದಲ್ಲಿ, ಇಂಡಿಯ ತಾಲ್ಲೂಕು ಆಸ್ಪತ್ರೆಯಲ್ಲಿ, ಈ ವರ್ಷವೇ ಶುರುವಾಗಬೇಕಾದ ಕೆಲಸ.